ಸ್ವಂತಕ್ಕೆ ಬರೆಸಿಕೊಂಡ ಸಾಫ್ಟ್‌ವೇರನ್ನು ವಿಂಡೋಸ್ 11ಕ್ಕೆ ದಾಟಿಸುವುದು ಹೇಗೆ

ವಿಂಡೋಸ್ 10ರ ಸಾಮಾನ್ಯ ಭದ್ರತಾ ಅಪ್‌ಡೇಟುಗಳು 2025ರ ಅಕ್ಟೋಬರ್ 14ಕ್ಕೆ ನಿಂತವು. ಅಂಗಡಿಯಲ್ಲಿ ಸಿಗುವ ಸಾಫ್ಟ್‌ವೇರ್ ಬಳಸುವವರಿಗೆ ಇದು ದೊಡ್ಡ ವಿಷಯವಲ್ಲ, ಹೊಸ ಆವೃತ್ತಿ ಹಾಕಿಕೊಂಡರೆ ಮುಗಿಯಿತು. ಕಷ್ಟಕ್ಕೆ ಸಿಕ್ಕಿಕೊಳ್ಳುವವರು ಹತ್ತು ಹದಿನೈದು ವರ್ಷದ ಹಿಂದೆ ತಮಗೆಂದೇ ಬರೆಸಿಕೊಂಡ ಪ್ರೋಗ್ರಾಂ ನೆಚ್ಚಿಕೊಂಡಿರುವವರು. ಪತ್ತಿನ ಸಹಕಾರ ಸಂಘದ ಸದಸ್ಯರ ಖಾತೆ, ಅಡಿಕೆ ಮಂಡಿಯ ಪಟ್ಟಿ, ಅಕ್ಕಿ ಗಿರಣಿಯ ವೇಬ್ರಿಡ್ಜ್ ಚೀಟಿ, ನರ್ಸಿಂಗ್ ಹೋಮಿನ ಬಿಲ್ಲು ಎಲ್ಲವೂ ಅದರಲ್ಲೇ ಇರುತ್ತವೆ. ಬರೆದವರು ಊರು ಬಿಟ್ಟಿರುತ್ತಾರೆ. ಸೋರ್ಸ್ ಕೋಡ್ ಯಾರ ಹತ್ತಿರ ಇದೆಯೋ ಗೊತ್ತಿರುವುದಿಲ್ಲ.

ಹಳೇ ಪ್ರೋಗ್ರಾಂ ವಿಂಡೋಸ್ 11ರಲ್ಲಿ ನಡೆಯುವುದೇ ಇಲ್ಲ ಎಂದು ಹೇಳಿ ಹೊಸದನ್ನು ಮಾರಲು ಬರುವವರಿದ್ದಾರೆ. ಆ ಮಾತನ್ನು ಹಾಗೇ ನಂಬಬೇಡಿ. ವಿಬಿ6ರಲ್ಲಿ (ವಿಷುಯಲ್ ಬೇಸಿಕ್ 6 ಎಂಬ ಹಳೇ ಪ್ರೋಗ್ರಾಮಿಂಗ್ ಭಾಷೆ) ಬರೆದ ಪ್ರೋಗ್ರಾಂ ನಡೆಯಲು ಬೇಕಾದ ಮೂಲ ರನ್‌ಟೈಮ್ ಇವತ್ತಿಗೂ ವಿಂಡೋಸ್ ಜೊತೆಗೇ ಬರುತ್ತದೆ. ಕೈಕೊಡುವುದು ಪ್ರೋಗ್ರಾಮಿನ ಸುತ್ತ ಇರುವ ಸಣ್ಣಪುಟ್ಟ ಸಂಗತಿಗಳು: ಯಾವತ್ತೋ ಹಾಕಿದ ಒಂದು ಓಸಿಎಕ್ಸ್ ಫೈಲು (ಪರದೆಯ ಗ್ರಿಡ್ಡಿನಂಥ ಭಾಗಗಳನ್ನು ಕೊಡುವ ಸಹಾಯಕ ಫೈಲು), ಒಂದು ಓಡಿಬಿಸಿ ಹೆಸರು (ಡೇಟಾಬೇಸ್ ಎಲ್ಲಿದೆ ಎಂದು ಪ್ರೋಗ್ರಾಂಗೆ ತೋರಿಸುವ ಹೆಸರು), ಒಂದು ಫಾಂಟು, ಪ್ರಿಂಟರಿನ ಕಾಗದದ ಅಳತೆ. ಇವನ್ನು ಯಾರೂ ಎಲ್ಲೂ ಬರೆದಿಟ್ಟಿರುವುದಿಲ್ಲ. ಅವೆಲ್ಲ ಇರುವುದು ಆ ಹಳೇ ಕಂಪ್ಯೂಟರಿನೊಳಗೆ ಮಾತ್ರ. ಅದನ್ನು ಫಾರ್ಮ್ಯಾಟ್ ಮಾಡುವ ಮೊದಲು ಪೂರ್ತಿ ಓದಿಕೊಳ್ಳುವುದೇ ಈ ಕೆಲಸದ ಮುಕ್ಕಾಲು ಪಾಲು.

32 ಬಿಟ್ಟೋ 64 ಬಿಟ್ಟೋ

ಸೆಟ್ಟಿಂಗ್ಸ್, ಸಿಸ್ಟಮ್, ಅಬೌಟ್ ತೆರೆದು ‘ಸಿಸ್ಟಮ್ ಟೈಪ್’ ಸಾಲು ನೋಡಿ. ಅಲ್ಲಿ 32 ಬಿಟ್ ಆಪರೇಟಿಂಗ್ ಸಿಸ್ಟಮ್ ಎಂದಿದ್ದರೆ ನೇರ ಅಪ್‌ಗ್ರೇಡ್ ಸಾಧ್ಯವಿಲ್ಲ. ವಿಂಡೋಸ್ 11 ಬರುವುದು 64 ಬಿಟ್ಟಿನಲ್ಲಿ ಮಾತ್ರ, ಹಾಗಾಗಿ ಖಾಲಿ ಡಿಸ್ಕಿನ ಮೇಲೆ ಹೊಸದಾಗಿಯೇ ಹಾಕಬೇಕು. ಹಳೇ ಪ್ರೋಗ್ರಾಂ ಇರುವ ಎಷ್ಟೋ ಕಡೆ 64 ಬಿಟ್ ಪ್ರೊಸೆಸರ್ ಇದ್ದರೂ 32 ಬಿಟ್ ವಿಂಡೋಸನ್ನೇ ಬೇಕೆಂದು ಇಟ್ಟುಕೊಂಡಿರುತ್ತಾರೆ. 16 ಬಿಟ್ ಪ್ರೋಗ್ರಾಂಗಳು ನಡೆಯುವುದು ಅದರಲ್ಲಿ ಮಾತ್ರ ಎಂಬುದೇ ಅದಕ್ಕೆ ಕಾರಣ.

ಡಾಸ್ ಕಾಲದ ಫಾಕ್ಸ್‌ಪ್ರೊ 2.6 ಅಥವಾ ಕ್ಲಿಪ್ಪರ್‌ನಲ್ಲಿ ಬರೆದದ್ದು 64 ಬಿಟ್ ವಿಂಡೋಸಿನಲ್ಲಿ ನೇರವಾಗಿ ತೆರೆಯುವುದಿಲ್ಲ. ಕಂಪ್ಯಾಟಿಬಿಲಿಟಿ ಟ್ಯಾಬಿನಲ್ಲಿ ವಿಂಡೋಸ್ ಎಕ್ಸ್‌ಪಿ ಆರಿಸಿದರೂ ಪ್ರಯೋಜನವಿಲ್ಲ, ಏಕೆಂದರೆ ಅದನ್ನು ನಡೆಸುವ ಭಾಗವೇ 64 ಬಿಟ್ಟಿನಲ್ಲಿ ಇಲ್ಲ. ಡಾಸ್‌ಬಾಕ್ಸ್-ಎಕ್ಸ್‌ನಂಥ ಎಮ್ಯುಲೇಟರಿನೊಳಗೆ ನಡೆಸಬಹುದು. ಒಬ್ಬರೇ ಕೂತು ಬಳಸುವ ಪ್ರೋಗ್ರಾಂಗೆ ಇದು ಸಾಕಾಗುತ್ತದೆ. ನಾಲ್ಕು ಜನ ಒಂದೇ ಡಿಬಿಎಫ್ ಡೇಟಾ ಫೈಲು ತೆರೆದು ಬಿಲ್ಲು ಹಾಕುವ ಕಡೆ ಮಾತ್ರ ರೆಕಾರ್ಡ್ ಲಾಕಿಂಗನ್ನು (ಒಬ್ಬರು ತಿದ್ದುತ್ತಿರುವ ದಾಖಲೆಯನ್ನು ಇನ್ನೊಬ್ಬರು ತಿದ್ದದಂತೆ ತಡೆಯುವುದು) ಚೆನ್ನಾಗಿ ಪರೀಕ್ಷಿಸದೆ ನಂಬಬೇಡಿ. ವಿಷುಯಲ್ ಫಾಕ್ಸ್‌ಪ್ರೊ 9 ಬೇರೆ ಮಾತು, ಅದು 32 ಬಿಟ್ಟಿನದು, ನಡೆಯುತ್ತದೆ.

ಇಲ್ಲೊಂದು ಸೂಕ್ಷ್ಮ ಇದೆ. ಪ್ರೋಗ್ರಾಂ 32 ಬಿಟ್ ಆಗಿದ್ದು, ಅದನ್ನು ಹಾಕುವ ಸೆಟಪ್ ಮಾತ್ರ 16 ಬಿಟ್ ಆಗಿರಬಹುದು. 1990ರ ದಶಕದ ಕೊನೆಯ ಸೀಡಿಗಳಲ್ಲಿ ಇದು ಸಾಮಾನ್ಯ. ಸೆಟಪ್ ತೆರೆಯಲಿಲ್ಲ ಎಂದು ಪ್ರೋಗ್ರಾಮಿನ ಆಸೆ ಬಿಡಬೇಡಿ. ಹಳೇ ಕಂಪ್ಯೂಟರಿನ ಫೋಲ್ಡರ್ ನಕಲು ಮಾಡಿ, ಕೆಳಗೆ ಹೇಳಿರುವಂತೆ ಫೈಲುಗಳನ್ನು ನೋಂದಾಯಿಸಿದರೆ ಬಹಳ ಸಲ ಕೆಲಸ ಆಗುತ್ತದೆ.

ಯಂತ್ರದ ಲೆಕ್ಕ ಚಿಕ್ಕದು: ಟಿಪಿಎಂ 2.0 (ಭದ್ರತಾ ಚಿಪ್ಪು), ಸೆಕ್ಯೂರ್ ಬೂಟ್ ಸಾಮರ್ಥ್ಯ, 4 ಜಿಬಿ ರ‍್ಯಾಮ್, 64 ಜಿಬಿ ಡಿಸ್ಕ್. ಇಂಟೆಲ್ ಆದರೆ ಹೆಚ್ಚುಕಡಿಮೆ ಎಂಟನೇ ತಲೆಮಾರಿನಿಂದ ಈಚಿನದು ಬೇಕು. ತಪಾಸಣೆ ತಪ್ಪಿಸಿ ಹಳೇ ಯಂತ್ರಕ್ಕೆ ಬಲವಂತವಾಗಿ ಹಾಕುವ ದಾರಿಗಳಿವೆ, ಆದರೆ ಜನರ ಠೇವಣಿ ಲೆಕ್ಕ ಇರುವ ಕಂಪ್ಯೂಟರಿಗೆ ಅದು ಬೇಡವೇ ಬೇಡ. ಅಂಥ ಯಂತ್ರಗಳಿಗೆ ಅಪ್‌ಡೇಟ್ ಸಿಕ್ಕೇ ಸಿಗುತ್ತದೆ ಎಂಬ ಭರವಸೆಯನ್ನು ಮೈಕ್ರೋಸಾಫ್ಟ್ ಕೊಡುವುದಿಲ್ಲ.

ಸಮಯ ಸಾಲದಿದ್ದರೆ ವಿಸ್ತರಿತ ಭದ್ರತಾ ಅಪ್‌ಡೇಟ್ ಯೋಜನೆ ಇದೆ. ಮನೆಬಳಕೆಯ ವಿಂಡೋಸ್ 10ಕ್ಕೆ ಇದನ್ನು ತಂದಾಗ ಇಟ್ಟ ಗಡುವು 2026ರ ಅಕ್ಟೋಬರ್ 13. ಸಂಸ್ಥೆಗಳು ಹಣ ಕೊಟ್ಟು ಒಟ್ಟು ಮೂರು ವರ್ಷದವರೆಗೆ ಪಡೆಯಬಹುದು, ವರ್ಷದಿಂದ ವರ್ಷಕ್ಕೆ ದರ ದುಪ್ಪಟ್ಟಾಗುತ್ತದೆ. ತಯಾರಿಗೆ ಬೇಕಾದ ಆರು ತಿಂಗಳು ಕೊಂಡುಕೊಳ್ಳಲು ಇದು ಸರಿ, ಕೆಲಸವನ್ನೇ ಮುಂದೆ ತಳ್ಳಲು ಅಲ್ಲ.

ಹಳೇ ಕಂಪ್ಯೂಟರನ್ನು ಓದುವ ಕೆಲಸ

ಇದಕ್ಕೆ ಅರ್ಧ ದಿನ ಎತ್ತಿಡಿ. ಒಂದು ನೋಟ್‌ಬುಕ್, ಒಂದು ಮೊಬೈಲ್ ಕ್ಯಾಮೆರಾ ಸಾಕು. ದಿನವೂ ಆ ಪ್ರೋಗ್ರಾಂ ಬಳಸುವ ಗುಮಾಸ್ತರನ್ನು ಪಕ್ಕದಲ್ಲಿ ಕೂರಿಸಿಕೊಳ್ಳಿ. ಯಾವ ಬಟನ್ ಯಾವಾಗ ಒತ್ತುತ್ತಾರೆ ಎಂಬುದು ಅವರಿಗೆ ಗೊತ್ತಿರುವಷ್ಟು ಇನ್ಯಾರಿಗೂ ಗೊತ್ತಿರುವುದಿಲ್ಲ.

ಮೈಕ್ರೋಸಾಫ್ಟಿನ ಸಿಸ್‌ಇಂಟರ್ನಲ್ಸ್ ಪುಟದಿಂದ ಪ್ರೋಸೆಸ್ ಎಕ್ಸ್‌ಪ್ಲೋರರ್ ಇಳಿಸಿಕೊಳ್ಳಿ, ಅದು ಉಚಿತ. ಪ್ರೋಗ್ರಾಂ ತೆರೆದಿಟ್ಟು, ಪ್ರೋಸೆಸ್ ಎಕ್ಸ್‌ಪ್ಲೋರರಿನಲ್ಲಿ ಅದರ ಹೆಸರನ್ನು ಆರಿಸಿ ಕೆಳಗಿನ ಅಂಕಣದಲ್ಲಿ ಡಿಎಲ್‌ಎಲ್ (ಪ್ರೋಗ್ರಾಂ ಬಳಸುವ ಸಹಾಯಕ ಫೈಲು) ಪಟ್ಟಿ ನೋಡಿ. ಯಾವ ಯಾವ ಫೈಲು ಯಾವ ಫೋಲ್ಡರಿನಿಂದ ಬಂದು ಕೂತಿದೆ ಎಂಬುದು ಸಾಲುಸಾಲಾಗಿ ಕಾಣುತ್ತದೆ. ಈ ಪಟ್ಟಿಯನ್ನು ಒಂದೇ ಸಲ ತೆಗೆದುಕೊಂಡು ಸುಮ್ಮನಾಗುವುದೇ ಎಲ್ಲರೂ ಮಾಡುವ ತಪ್ಪು. ಗ್ರಿಡ್ ಇರುವ ಪರದೆ ತೆರೆದಾಗ ಮಾತ್ರ ಗ್ರಿಡ್ಡಿನ ಓಸಿಎಕ್ಸ್ ಬರುತ್ತದೆ, ವರದಿ ಪ್ರಿಂಟ್ ಕೊಟ್ಟಾಗ ಮಾತ್ರ ಕ್ರಿಸ್ಟಲ್ ರಿಪೋರ್ಟಿನ ಹತ್ತಾರು ಫೈಲುಗಳು ಬರುತ್ತವೆ. ಆದ್ದರಿಂದ ಪ್ರತಿ ಮೆನು ತೆರೆಯಿರಿ, ಒಂದು ರಸೀದಿ, ಒಂದು ಲೆಡ್ಜರ್, ಒಂದು ಬಡ್ಡಿ ತಃಖ್ತೆ ಪ್ರಿಂಟ್ ಕೊಡಿ, ವರ್ಷಾಂತ್ಯದ ಪರದೆಯನ್ನೂ ತೆರೆದು ನೋಡಿ. ಕೊನೆಗೆ ಪಟ್ಟಿಯನ್ನು ಫೈಲಾಗಿ ಉಳಿಸಿ. ವಿಂಡೋಸಿನದಲ್ಲದ ಫೈಲುಗಳನ್ನೆಲ್ಲ ಒಂದು ಫೋಲ್ಡರಿಗೆ ನಕಲು ಮಾಡಿ.

ನಂತರ ಬರೆದುಕೊಳ್ಳಬೇಕಾದವು: ಓಡಿಬಿಸಿಯಲ್ಲಿ ಇರುವ ಡಿಎಸ್‌ಎನ್ ಹೆಸರು, ಡ್ರೈವರ್ ಮತ್ತು ಅದು ತೋರಿಸುವ ಡೇಟಾಬೇಸ್, ಮ್ಯಾಪ್ ಮಾಡಿದ ಡ್ರೈವ್ ಅಕ್ಷರಗಳು, ಟಾಸ್ಕ್ ಶೆಡ್ಯೂಲರಿನಲ್ಲಿ ರಾತ್ರಿ ಬ್ಯಾಕಪ್ ತೆಗೆಯುವ ಬ್ಯಾಚ್ ಫೈಲು ಇದೆಯೇ, ತೂಕದ ಯಂತ್ರ ಯಾವ ಕಾಮ್ ಪೋರ್ಟಿನಲ್ಲಿದೆ, ಬಾಡ್ ರೇಟ್ ಎಷ್ಟು, ಪ್ರಿಂಟರಿನ ಹೆಸರು ಅಕ್ಷರಶಃ ಏನು, ದಿನಾಂಕದ ಮಾದರಿ ಯಾವುದು. ಪ್ರತಿಯೊಂದರ ಪರದೆಯ ಫೋಟೋ ತೆಗೆದಿಡಿ. ವಿಬಿ6 ಪ್ರೋಗ್ರಾಂಗಳು ತಮ್ಮ ಸೆಟ್ಟಿಂಗುಗಳನ್ನು ಬಹಳ ಸಲ ರಿಜಿಸ್ಟ್ರಿಯಲ್ಲಿ (ವಿಂಡೋಸ್ ತನ್ನ ಸೆಟ್ಟಿಂಗುಗಳನ್ನು ಇಡುವ ಜಾಗ), ಬಳಕೆದಾರರ ಖಾತೆಯ ಕೆಳಗೆ ‘ವಿಬಿ ಅಂಡ್ ವಿಬಿಎ ಪ್ರೋಗ್ರಾಂ ಸೆಟ್ಟಿಂಗ್ಸ್’ ಎಂಬಲ್ಲಿ ಇಡುತ್ತವೆ. ಹೊಸ ವಿಂಡೋಸಿನಲ್ಲಿ ಬೇರೆ ಬಳಕೆದಾರರ ಹೆಸರಿನಿಂದ ಲಾಗಿನ್ ಆದರೆ ಅವು ಇರುವುದಿಲ್ಲ. ಆ ಭಾಗವನ್ನು ಈಗಲೇ ಎಕ್ಸ್‌ಪೋರ್ಟ್ ಮಾಡಿ ಇಟ್ಟುಕೊಳ್ಳಿ.

ನಿಜವಾದ ಡೇಟಾ ಎಲ್ಲಿದೆ

ಇದನ್ನು ನಿಧಾನವಾಗಿ ಓದಿ. ಲೆಕ್ಕವೇ ಕಳೆದುಹೋಗುವುದು ಇಲ್ಲಿ.

ಪ್ರೋಗ್ರಾಂ ಫೈಲ್ಸ್ ಫೋಲ್ಡರಿನೊಳಗೆ ಸಾಮಾನ್ಯ ಬಳಕೆದಾರರು ಏನನ್ನೂ ಬರೆಯಬಾರದು ಎಂಬ ನಿಯಮ ವಿಂಡೋಸ್ ವಿಸ್ಟಾದಿಂದ ಬಿಗಿಯಾಯಿತು. ಆದರೆ ಹಳೇ ಪ್ರೋಗ್ರಾಂಗಳು ತಮ್ಮ ಎಂಡಿಬಿ ಫೈಲನ್ನು (ಆ್ಯಕ್ಸೆಸ್ ಡೇಟಾಬೇಸ್) ಅಲ್ಲೇ ಇಟ್ಟುಕೊಂಡು ಅಲ್ಲೇ ಬರೆಯುತ್ತಿದ್ದವು. ಅವು ಬಿದ್ದುಹೋಗದಿರಲಿ ಎಂದು ವಿಂಡೋಸ್ ಒಂದು ಉಪಾಯ ಮಾಡುತ್ತದೆ. ಬರೆಯಲು ಹೋದ ಫೈಲಿನ ಒಂದು ಪ್ರತಿಯನ್ನು ಆ ಬಳಕೆದಾರರ ಆಪ್‌ಡೇಟಾ, ಲೋಕಲ್, ವರ್ಚುಯಲ್‌ಸ್ಟೋರ್ ಎಂಬ ಗುಪ್ತ ಫೋಲ್ಡರಿನಲ್ಲಿ ಮಾಡಿ, ಮುಂದಿನ ಬರಹವನ್ನೆಲ್ಲ ಅದರಲ್ಲೇ ಇಡುತ್ತದೆ. ಪ್ರೋಗ್ರಾಂಗೆ ಇದು ತಿಳಿಯುವುದೇ ಇಲ್ಲ.

ಇದರ ಪರಿಣಾಮ ಹೀಗಿರುತ್ತದೆ. ಪ್ರೋಗ್ರಾಂ ಫೈಲ್ಸ್ ಒಳಗಿನ ಎಂಡಿಬಿ ಫೈಲಿನ ದಿನಾಂಕ ಮೂರು ವರ್ಷ ಹಿಂದಿನದು. ಪರದೆಯ ಮೇಲೆ ಕಾಣುವುದು ನಿನ್ನೆಯ ರಸೀದಿ. ಇದನ್ನು ಗಮನಿಸದವರು ಪ್ರೋಗ್ರಾಂ ಫೈಲ್ಸಿನ ಫೈಲನ್ನು ಪೆನ್‌ಡ್ರೈವಿಗೆ ಹಾಕಿಕೊಂಡು ಡಿಸ್ಕ್ ಫಾರ್ಮ್ಯಾಟ್ ಮಾಡುತ್ತಾರೆ. ಹೊಸ ಕಂಪ್ಯೂಟರಿನಲ್ಲಿ ಪ್ರೋಗ್ರಾಂ ಸಲೀಸಾಗಿ ತೆರೆಯುತ್ತದೆ, ಮೂರು ವರ್ಷದ ವ್ಯವಹಾರ ಮಾತ್ರ ಇರುವುದಿಲ್ಲ. ಒಂದೇ ಕಂಪ್ಯೂಟರಿನಲ್ಲಿ ಇಬ್ಬರು ಬೇರೆ ಬೇರೆ ಲಾಗಿನ್ ಬಳಸುತ್ತಿದ್ದರೆ ಇಬ್ಬರ ಲೆಕ್ಕವೂ ಬೇರೆ ಬೇರೆ ಫೈಲಿನಲ್ಲಿರುತ್ತದೆ.

ಪತ್ತೆ ಮಾಡುವುದು ಸುಲಭ. ಪ್ರೋಗ್ರಾಮಿನಲ್ಲಿ ಒಂದು ರೂಪಾಯಿಯ ನಮೂದು ಮಾಡಿ, ತಕ್ಷಣ ಇಡೀ ಸಿ ಮತ್ತು ಡಿ ಡ್ರೈವಿನಲ್ಲಿ ಎಂಡಿಬಿ ಅಥವಾ ಡಿಬಿಎಫ್ ಫೈಲುಗಳನ್ನು ಹುಡುಕಿ, ಗುಪ್ತ ಫೋಲ್ಡರುಗಳನ್ನೂ ಸೇರಿಸಿ. ಯಾವ ಫೈಲಿನ ಸಮಯ ಈ ಕ್ಷಣಕ್ಕೆ ಬದಲಾಗಿದೆಯೋ ಅದೇ ನಿಜವಾದ ಡೇಟಾ. ಆಮೇಲೆ ಆ ನಮೂದನ್ನು ರದ್ದು ಮಾಡಿ. ಹೊಸ ಯಂತ್ರದಲ್ಲಿ ಪ್ರೋಗ್ರಾಮನ್ನೂ ಡೇಟಾವನ್ನೂ ಪ್ರೋಗ್ರಾಂ ಫೈಲ್ಸಿನ ಹೊರಗೆ, ಡಿ ಡ್ರೈವಿನ ಒಂದು ಫೋಲ್ಡರಿನಲ್ಲಿ ಇಟ್ಟು, ಬಳಕೆದಾರರಿಗೆ ಬರೆಯುವ ಹಕ್ಕು ಕೊಡಿ. ‘ರನ್ ಆ್ಯಸ್ ಅಡ್ಮಿನಿಸ್ಟ್ರೇಟರ್’ ಹಾಕಿ ಪಾರಾಗುವ ಅಭ್ಯಾಸ ಬೇಡ. ಅದರಿಂದ ಬರುವ ಇನ್ನೊಂದು ತೊಂದರೆ ಕನ್ನಡ ಟೈಪಿಂಗಿನದು, ಮುಂದೆ ಹೇಳಿದೆ.

ಬ್ಯಾಕಪ್ ಎಂದರೆ ಮೂರು

ಡೇಟಾ ಫೈಲುಗಳ ಪ್ರತಿ ಒಂದು, ಇಡೀ ಡಿಸ್ಕಿನ ಇಮೇಜ್ ಒಂದು, ನಡೆಯುವ ಸ್ಥಿತಿಯಲ್ಲಿರುವ ಹಳೇ ಕಂಪ್ಯೂಟರ್ ಒಂದು. ಇಮೇಜಿಗೆ ಕ್ಲೋನ್‌ಜಿಲ್ಲಾ ಉಚಿತವಾಗಿ ಸಿಗುತ್ತದೆ. ಸಿಸ್‌ಇಂಟರ್ನಲ್ಸಿನ ಡಿಸ್ಕ್2ವಿಎಚ್‌ಡಿ ಓಡುತ್ತಿರುವ ಕಂಪ್ಯೂಟರನ್ನೇ ವರ್ಚುಯಲ್ ಡಿಸ್ಕ್ ಫೈಲಾಗಿ ಮಾಡಿಕೊಡುತ್ತದೆ. ವಿಂಡೋಸ್ 11 ಪ್ರೊದ ಹೈಪರ್-ವಿಯಲ್ಲಿ ಅದನ್ನು ತೆರೆದರೆ ಹಳೇ ಕಂಪ್ಯೂಟರ್ ಹಾಗೇ ಕಣ್ಣಮುಂದೆ ಇರುತ್ತದೆ. ಅದಕ್ಕೆ ಇಂಟರ್ನೆಟ್ ಕೊಡಬೇಡಿ, ಹಳೇ ದಾಖಲೆ ನೋಡಲು ಮಾತ್ರ ಇಟ್ಟುಕೊಳ್ಳಿ.

ಆಗುವುದಾದರೆ ಹಳೇ ಡಿಸ್ಕನ್ನು ಅಳಿಸಲೇಬೇಡಿ. ಅದನ್ನು ಬಿಚ್ಚಿ, ದಿನಾಂಕ ಬರೆದ ಚೀಟಿ ಅಂಟಿಸಿ ಬೀರುವಿನಲ್ಲಿಟ್ಟು, ಹೊಸ ಎಸ್‌ಎಸ್‌ಡಿ ಮೇಲೆ ವಿಂಡೋಸ್ 11 ಹಾಕಿ. ಈ ಖರ್ಚಿನ ವಿಷಯದಲ್ಲಿ ಚೌಕಾಸಿ ಬೇಡ. ಬಿಟ್‌ಲಾಕರ್ ಅಥವಾ ಡಿವೈಸ್ ಎನ್‌ಕ್ರಿಪ್ಷನ್ ಹಾಕಿದ್ದರೆ 48 ಅಂಕೆಯ ರಿಕವರಿ ಕೀ ಕಾಗದದ ಮೇಲೆ ಬರೆದಿಟ್ಟುಕೊಂಡ ಮೇಲೆಯೇ ಮುಂದಿನ ಹೆಜ್ಜೆ.

ಪ್ರೋಗ್ರಾಂ ಹೊಸ ಯಂತ್ರದಲ್ಲಿ ತೆರೆಯದಿದ್ದಾಗ

ಮೊದಲು ಒಂದೇ ಒಂದು ಕಂಪ್ಯೂಟರಿನಲ್ಲಿ, ಡೇಟಾದ ನಕಲು ಪ್ರತಿಯ ಮೇಲೆ ಪ್ರಯೋಗ ಮಾಡಿ. ವಿಂಡೋಸ್ ಸೆಟಪ್ ತೋರಿಸುವ ಹೊಂದಾಣಿಕೆ ವರದಿಯಲ್ಲಿ ‘ಎಲ್ಲ ಸರಿ’ ಎಂದು ಬಂದರೆ ಹಿಗ್ಗಬೇಡಿ. ನಿಮ್ಮ ಊರಿನಲ್ಲಿ ಬರೆದ ಪ್ರೋಗ್ರಾಂ ಹೇಗೆ ನಡೆಯುತ್ತದೆ ಎಂಬುದು ಅದಕ್ಕೆ ಗೊತ್ತಿರುವುದಿಲ್ಲ.

ವಿಬಿ6 ಪ್ರೋಗ್ರಾಂ ತೆರೆದ ಕೂಡಲೇ ರನ್‌ಟೈಮ್ ಎರರ್ 339 ಬಂದರೆ ಯಾವುದೋ ಓಸಿಎಕ್ಸ್ ಇಲ್ಲ ಅಥವಾ ನೋಂದಣಿಯಾಗಿಲ್ಲ ಎಂದು ಅರ್ಥ. ಫೈಲಿನ ಹೆಸರು ಆ ಸಂದೇಶದಲ್ಲೇ ಇರುತ್ತದೆ. ಎರರ್ 429 ಬಂದರೆ ಡಿಎಲ್‌ಎಲ್ ನೋಂದಣಿಯ ಕೊರತೆ. ಇಲ್ಲಿ ಹೆಸರೇ ದಾರಿ ತಪ್ಪಿಸುತ್ತದೆ: ವಿಂಡೋಸ್ ಫೋಲ್ಡರಿನೊಳಗಿನ ಸಿಸ್ಟಮ್32 ಎಂಬುದು 64 ಬಿಟ್ ಫೈಲುಗಳ ಜಾಗ, ಸಿಸ್‌ವೌ64 ಎಂಬುದು 32 ಬಿಟ್ ಫೈಲುಗಳ ಜಾಗ. ನಿಮ್ಮ ಓಸಿಎಕ್ಸ್ 32 ಬಿಟ್ಟಿನದು, ಆದ್ದರಿಂದ ಸಿಸ್‌ವೌ64ಕ್ಕೆ ಹಾಕಿ, ಕಮಾಂಡ್ ಪ್ರಾಂಪ್ಟನ್ನು ಅಡ್ಮಿನಿಸ್ಟ್ರೇಟರ್ ಆಗಿ ತೆರೆದು, ಅದೇ ಫೋಲ್ಡರಿನಲ್ಲಿರುವ ರೆಗ್‌ಸರ್ವರ್32 (regsvr32) ಆಜ್ಞೆಯಿಂದ ನೋಂದಾಯಿಸಿ.

ಓಡಿಬಿಸಿಯಲ್ಲೂ ಇದೇ ಗೊಂದಲ. ಸ್ಟಾರ್ಟ್ ಮೆನುವಿನಲ್ಲಿ ಹುಡುಕಿದರೆ 32 ಬಿಟ್ ಮತ್ತು 64 ಬಿಟ್ ಎಂಬ ಎರಡು ಓಡಿಬಿಸಿ ಉಪಕರಣ ಸಿಗುತ್ತವೆ. 64ರಲ್ಲಿ ಮಾಡಿದ ಸಿಸ್ಟಮ್ ಡಿಎಸ್‌ಎನ್ ಹಳೇ ಪ್ರೋಗ್ರಾಂಗೆ ಕಾಣುವುದಿಲ್ಲ. ಹೆಸರು ಸರಿಯಾಗಿದ್ದೂ ಡೇಟಾಬೇಸ್ ಸಿಗುತ್ತಿಲ್ಲ ಎಂದಾಗ ಮೊದಲ ಅನುಮಾನ ಇದರ ಮೇಲೇ ಇರಲಿ. 32 ಬಿಟ್ ಕಂಪ್ಯೂಟರಿನಿಂದ ತಂದ ರಿಜಿಸ್ಟ್ರಿ ಫೈಲನ್ನು ಎರಡು ಸಲ ಕ್ಲಿಕ್ ಮಾಡಿ ಹಾಕಿದರೆ, ಯಂತ್ರಕ್ಕೆಲ್ಲ ಅನ್ವಯಿಸುವ ಸಾಫ್ಟ್‌ವೇರ್ ಕೀಗಳು 64 ಬಿಟ್ ಕೊಂಬೆಗೆ ಹೋಗಿ ಕೂರುತ್ತವೆ. ಲೈಸೆನ್ಸ್ ಇಲ್ಲ ಎಂದು ಪ್ರೋಗ್ರಾಂ ಗೋಳಾಡುವುದು ಇದರಿಂದಲೇ. ಸಿಸ್‌ವೌ64 ಒಳಗಿನ ರೆಜ್‌ಎಡಿಟ್ ತೆರೆದು ಅಲ್ಲಿಂದ ಇಂಪೋರ್ಟ್ ಮಾಡಿ.

ಡಾಟ್‌ನೆಟ್‌ನಲ್ಲಿ ಬರೆದದ್ದಾದರೆ ಎರಡು ವಿಷಯ. 2.0 ಅಥವಾ 3.5ಕ್ಕೆ ಬರೆದದ್ದಕ್ಕೆ ಡಾಟ್‌ನೆಟ್ 3.5 ಬೇರೆಯಾಗಿ ಹಾಕಬೇಕು, ವಿಂಡೋಸ್ 11ರ ಜೊತೆ ಬರುವುದು 4.8 ಅಥವಾ 4.8.1. ಇನ್ನೊಂದು, ‘ಎನಿ ಸಿಪಿಯು’ ಎಂದು ಕಂಪೈಲ್ ಮಾಡಿದ ಪ್ರೋಗ್ರಾಂ. 32 ಬಿಟ್ ಯಂತ್ರದಲ್ಲಿ 32 ಆಗಿ ನಡೆಯುತ್ತಿದ್ದದ್ದು ಇಲ್ಲಿ 64 ಆಗಿ ಎದ್ದು ನಿಲ್ಲುತ್ತದೆ. ಆ್ಯಕ್ಸೆಸ್ ಡೇಟಾಬೇಸ್ ತೆರೆಯುವ ಜೆಟ್ 4.0 ಇರುವುದು 32 ಬಿಟ್ಟಿನಲ್ಲಿ ಮಾತ್ರ. ಹಾಗಾಗಿ ‘ಪ್ರೊವೈಡರ್ ಈಸ್ ನಾಟ್ ರಿಜಿಸ್ಟರ್ಡ್’ ಎಂಬ ಸಂದೇಶ ಬರುತ್ತದೆ. ಸೋರ್ಸ್ ಇದ್ದರೆ ಎಕ್ಸ್86 ಎಂದು ಮತ್ತೆ ಕಂಪೈಲ್ ಮಾಡಿ. ಇಲ್ಲದಿದ್ದರೂ ವಿಂಡೋಸ್ ಎಸ್‌ಡಿಕೆಯ ಕಾರ್‌ಫ್ಲ್ಯಾಗ್ಸ್ ಉಪಕರಣದಿಂದ ಸಿದ್ಧ ಇಎಕ್ಸ್‌ಇ ಫೈಲಿನ ಮೇಲೇ 32 ಬಿಟ್ ಗುರುತು ಹಾಕಬಹುದು. ಮೂಲ ಫೈಲಿನ ಪ್ರತಿ ಇಟ್ಟುಕೊಂಡು ಮಾಡಿ.

ಎಸ್‌ಕ್ಯೂಎಲ್ ಸರ್ವರ್ ಎಂಬ ಡೇಟಾಬೇಸ್ ಬಳಸುವವರು ಅದರ 2008ರ ಆವೃತ್ತಿಯನ್ನು ಹೊಸ ಯಂತ್ರಕ್ಕೆ ಎಳೆದು ತರಬೇಡಿ. 2008ರ ಬ್ಯಾಕಪ್ ಫೈಲು 2019ರಲ್ಲಿ ನೇರವಾಗಿ ರಿಸ್ಟೋರ್ ಆಗುತ್ತದೆ. ಉಚಿತ ಎಕ್ಸ್‌ಪ್ರೆಸ್ 2019ರಲ್ಲಿ ಒಂದು ಡೇಟಾಬೇಸಿಗೆ 10 ಜಿಬಿ ಮಿತಿ ಇದೆ, ಸಂಘದ ಲೆಕ್ಕಕ್ಕೆ ಸಾಮಾನ್ಯವಾಗಿ ಸಾಕು. ಆದರೆ ವಿಂಡೋಸ್ 11ರಲ್ಲಿ ಹೊಸ ಎನ್‌ವಿಎಂಇ (ವೇಗದ ಎಸ್‌ಎಸ್‌ಡಿ) ಡಿಸ್ಕ್ ಇದ್ದಾಗ ಸರ್ವರ್ ಇನ್‌ಸ್ಟಾಲ್ ಕೊನೆಯವರೆಗೂ ಹೋಗಿ, ಸರ್ವೀಸ್ ಶುರುವಾಗದೆ ಬಿದ್ದುಹೋಗುವುದುಂಟು. ಲಾಗ್ ಫೈಲಿನಲ್ಲಿ ‘ಮಿಸ್‌ಅಲೈನ್ಡ್ ಲಾಗ್ ಐಓ’ ಎಂದು ಸಿಗುತ್ತದೆ. ಕೆಲವು ಡಿಸ್ಕುಗಳು ತಮ್ಮ ಸೆಕ್ಟರ್ ಅಳತೆಯನ್ನು 4 ಕೆಬಿಗಿಂತ ಹೆಚ್ಚು ಎಂದು ಹೇಳಿಕೊಳ್ಳುತ್ತವೆ, ವಿಂಡೋಸ್ 10 ಅದನ್ನು ಲೆಕ್ಕಕ್ಕೆ ತೆಗೆದುಕೊಳ್ಳುತ್ತಿರಲಿಲ್ಲ, 11 ತೆಗೆದುಕೊಳ್ಳುತ್ತದೆ. ಎಸ್‌ಕ್ಯೂಎಲ್ ಸರ್ವರ್‌ಗೆ 512 ಬೈಟು ಮತ್ತು 4 ಕೆಬಿ ಮಾತ್ರ ಗೊತ್ತು. ಡಿಸ್ಕನ್ನು 4 ಕೆಬಿ ಎಂದು ತೋರಿಸುವ ರಿಜಿಸ್ಟ್ರಿ ಬದಲಾವಣೆಯನ್ನು ಮೈಕ್ರೋಸಾಫ್ಟ್ ತಾನೇ ಪ್ರಕಟಿಸಿದೆ. ಅದನ್ನು ಹಾಕಿ ರೀಸ್ಟಾರ್ಟ್ ಮಾಡಿದ ಮೇಲೆ ಸರ್ವೀಸ್ ಏಳುತ್ತದೆ. ಇದು ತಿಳಿಯದೆ ಎರಡು ಮೂರು ಸಲ ವಿಂಡೋಸನ್ನೇ ಮರುಹಾಕುವವರು ಬಹಳ ಜನ.

ಕೆಲವು ಸ್ಥಳೀಯ ಪ್ರೋಗ್ರಾಂಗಳು ಮದರ್‌ಬೋರ್ಡಿನ ನಂಬರ್ ಓದಿ ಲೈಸೆನ್ಸ್ ತಾಳೆ ನೋಡುತ್ತವೆ. ಆ ನಂಬರನ್ನು ಡಬ್ಲ್ಯುಎಂಐಸಿ ಆಜ್ಞೆಯಿಂದ ತೆಗೆಯುತ್ತಿದ್ದರೆ ವಿಂಡೋಸ್ 11ರ 24ಎಚ್2 ಆವೃತ್ತಿಯಿಂದೀಚೆಗೆ ಸಿಕ್ಕಿಬೀಳುತ್ತವೆ, ಆ ಆಜ್ಞೆ ಈಗ ತಾನಾಗಿ ಇರುವುದಿಲ್ಲ. ವಿಬಿಸ್ಕ್ರಿಪ್ಟ್ ಕೂಡ ಹೊರಹೋಗುವ ದಾರಿಯಲ್ಲಿದೆ. 24ಎಚ್2ರಲ್ಲಿ ಇನ್ನೂ ಇದೆ, ಆದರೆ ರಾತ್ರಿ ಬ್ಯಾಕಪ್ ಅದರಲ್ಲಿ ಬರೆದಿದ್ದರೆ ಈಗಲೇ ಪವರ್‌ಶೆಲ್ಲಿಗೆ ಬದಲಿಸಿ. ಹೊಸದಾಗಿ ಹಾಕಿದ ವಿಂಡೋಸಿನಲ್ಲಿ ಸ್ಮಾರ್ಟ್ ಆ್ಯಪ್ ಕಂಟ್ರೋಲ್ ಚಾಲೂ ಇದ್ದರೆ, ಡಿಜಿಟಲ್ ಸಹಿ ಇಲ್ಲದ ನಿಮ್ಮ ಇಎಕ್ಸ್‌ಇ ಫೈಲನ್ನು ಅದು ತಡೆಯಬಹುದು. ಒಂದೇ ಪ್ರೋಗ್ರಾಂಗೆ ವಿನಾಯಿತಿ ಕೊಡುವ ವ್ಯವಸ್ಥೆ ಅದರಲ್ಲಿಲ್ಲ, ಪೂರ್ತಿ ಆಫ್ ಮಾಡಬೇಕು.

ಕನ್ನಡ ಅಕ್ಷರ

ವಿಬಿ6ರ ಸಾದಾ ಪಠ್ಯಪೆಟ್ಟಿಗೆಗಳು ಯುನಿಕೋಡ್ ತೋರಿಸಲಾರವು, ಕನ್ನಡ ಕೊಟ್ಟರೆ ಪ್ರಶ್ನಾರ್ಥಕ ಚಿಹ್ನೆ ಬರುತ್ತದೆ. ಹಾಗಾಗಿ ಆ ಕಾಲದ ಪ್ರೋಗ್ರಾಂಗಳು ನುಡಿ, ಬರಹದ ಹಳೇ ಫಾಂಟುಗಳನ್ನು ನೆಚ್ಚಿಕೊಂಡವು. ಆ ಫಾಂಟುಗಳ ಗುಟ್ಟು ತಿಳಿದರೆ ಅರ್ಧ ತೊಂದರೆ ಕಳೆಯುತ್ತದೆ. ನುಡಿಯಲ್ಲಿ ಪರದೆಯ ಮೇಲೆ ‘ಕ’ ಎಂದು ಕಾಣುವುದು ಡೇಟಾಬೇಸಿನೊಳಗೆ ಇಂಗ್ಲಿಷಿನ ದೊಡ್ಡ ‘ಪಿ’, ಅದರ ಪಕ್ಕ ತಲೆಯ ಮೇಲೆ ಗೀಟು ಹೊತ್ತ ‘ಎ’. ಆ ಎರಡನೆಯದರ ಸಂಕೇತ ಸಂಖ್ಯೆ 192. ಫಾಂಟು ಇದ್ದರೆ ಕನ್ನಡ, ಇಲ್ಲದಿದ್ದರೆ ಯುರೋಪಿನ ಅಕ್ಷರಗಳ ರಾಶಿ.

ರೀಜನ್ ಸೆಟ್ಟಿಂಗಿನಲ್ಲಿ ‘ಬೀಟಾ: ಯೂಸ್ ಯುನಿಕೋಡ್ ಯುಟಿಎಫ್-8’ ಎಂಬ ಒಂದು ಚೌಕ ಇದೆ. ಕನ್ನಡ ಸರಿಯಾಗಲಿ ಎಂದು ಅದಕ್ಕೆ ಟಿಕ್ ಹಾಕುವ ಆಸೆ ಯಾರಿಗಾದರೂ ಬರುತ್ತದೆ. ಹಾಕಬೇಡಿ. 192 ಎಂಬ ಸಂಖ್ಯೆಯ ಬೈಟು ಯುಟಿಎಫ್-8ರಲ್ಲಿ ಎಲ್ಲೂ ಬರುವಂತಿಲ್ಲ. ಹಾಗಾಗಿ ಹಳೇ ಪ್ರೋಗ್ರಾಂ ಓದಿದ ಪ್ರತಿ ಹೆಸರೂ ಕೆಡುತ್ತದೆ, ಆ ಸ್ಥಿತಿಯಲ್ಲಿ ಸೇವ್ ಒತ್ತಿದರೆ ಸದಸ್ಯರ ಹೆಸರುಗಳು ಡೇಟಾಬೇಸಿನಲ್ಲೇ ಶಾಶ್ವತವಾಗಿ ಹಾಳಾಗುತ್ತವೆ. ಯುನಿಕೋಡ್ ಅಲ್ಲದ ಪ್ರೋಗ್ರಾಂಗಳ ಭಾಷೆ ಇಂಗ್ಲಿಷ್ ಆಗಿಯೇ ಇರಲಿ.

ಫಾಂಟ್ ಹಾಕುವಾಗ ಬಲ ಕ್ಲಿಕ್ ಮಾಡಿ ‘ಇನ್‌ಸ್ಟಾಲ್ ಫಾರ್ ಆಲ್ ಯೂಸರ್ಸ್’ ಆರಿಸಿ. ಬರೀ ‘ಇನ್‌ಸ್ಟಾಲ್’ ಒತ್ತಿದರೆ ಫಾಂಟು ಆ ಒಬ್ಬ ಬಳಕೆದಾರರಿಗೆ ಮಾತ್ರ ಸೇರುತ್ತದೆ, ಬೇರೆ ಲಾಗಿನ್‌ನಲ್ಲಿ ಸಿಗುವುದಿಲ್ಲ. ಯುನಿಕೋಡ್ ಬಳಸುವ ಪ್ರೋಗ್ರಾಂ ವರದಿಯಲ್ಲಿ ತುಂಗಾ ಫಾಂಟ್ ಎಂದು ಬರೆದಿದ್ದರೆ ಇನ್ನೊಂದು ಹೆಜ್ಜೆ ಬೇಕು. ವಿಂಡೋಸ್ 10ರಿಂದ ತುಂಗಾ ತಾನಾಗಿ ಬರುವುದಿಲ್ಲ, ಆಪ್ಷನಲ್ ಫೀಚರ್ಸ್‌ನಲ್ಲಿ ‘ಕನ್ನಡ ಸಪ್ಲಿಮೆಂಟಲ್ ಫಾಂಟ್ಸ್’ ಸೇರಿಸಬೇಕು. ಸೇರಿಸದಿದ್ದರೆ ನಿರ್ಮಲಾ ಫಾಂಟು ಬಂದು ಕೂತು, ಅಕ್ಷರದ ಅಗಲ ಬೇರೆಯಾಗಿ ಮುದ್ರಿತ ರಸೀದಿಯ ಸಾಲುಗಳು ಪಕ್ಕಕ್ಕೆ ಸರಿಯುತ್ತವೆ.

ನುಡಿಯ ಕೀಲಿಮಣೆ ವರ್ಡ್‌ನಲ್ಲಿ ಕನ್ನಡ ಮೂಡಿಸುತ್ತದೆ, ನಿಮ್ಮ ಪ್ರೋಗ್ರಾಮಿನಲ್ಲಿ ಮೂಡಿಸುವುದಿಲ್ಲ ಎಂದಾದರೆ ಪ್ರೋಗ್ರಾಂ ಅಡ್ಮಿನಿಸ್ಟ್ರೇಟರ್ ಆಗಿ ನಡೆಯುತ್ತಿದೆಯೇ ನೋಡಿ. ಕಡಿಮೆ ಹಕ್ಕಿನ ಪ್ರೋಗ್ರಾಂ ಹೆಚ್ಚು ಹಕ್ಕಿನ ಕಿಟಕಿಯ ಕೀಲಿಗಳನ್ನು ಹಿಡಿಯಲು ವಿಂಡೋಸ್ ಬಿಡುವುದಿಲ್ಲ. ಎರಡನ್ನೂ ಸಾಮಾನ್ಯ ಹಕ್ಕಿನಲ್ಲೇ ನಡೆಸಿದರೆ ಸರಿಹೋಗುತ್ತದೆ.

ಹಳೇ ನುಡಿ ಡೇಟಾವನ್ನು ಯುನಿಕೋಡಿಗೆ ಬದಲಿಸಲೇಬೇಕು, ಅದರಲ್ಲಿ ಎರಡು ಮಾತಿಲ್ಲ. ಆದರೆ ಇದೇ ವಾರ ಮಾಡಬೇಡಿ. ವಿಂಡೋಸೂ ಬದಲು, ಅಕ್ಷರವೂ ಬದಲು ಎಂದಾದರೆ ತಪ್ಪು ಎಲ್ಲಿ ಹುಟ್ಟಿತೆಂದು ತಿಳಿಯುವುದಿಲ್ಲ.

ದಿನಾಂಕದ ಮಾದರಿಯನ್ನು ಇಂಗ್ಲಿಷ್ (ಇಂಡಿಯಾ) ಮಾಡಿ. ಹೊಸದಾಗಿ ಹಾಕಿದ ವಿಂಡೋಸ್ ಅಮೆರಿಕದ ಮಾದರಿಯಲ್ಲಿದ್ದರೆ ಅಕ್ಟೋಬರ್ 5 ಮೇ 10 ಆಗುತ್ತದೆ. ತಿಂಗಳ 13ರಿಂದ ಮುಂದಿನ ದಿನಗಳು ಸರಿಯಾಗಿಯೇ ಬರುವುದರಿಂದ ಈ ತಪ್ಪು ಬೇಗ ಕಣ್ಣಿಗೆ ಬೀಳುವುದಿಲ್ಲ, ಬಡ್ಡಿ ಲೆಕ್ಕ ಹಾಕಿದಾಗ ಹೊರಬರುತ್ತದೆ.

ಪ್ರಿಂಟರ್, ತೂಕದ ಯಂತ್ರ, ಡಾಂಗಲ್

ಡಾಟ್ ಮ್ಯಾಟ್ರಿಕ್ಸ್ ಪ್ರಿಂಟರಿನಲ್ಲಿ ಮೂರು ಕಡೆ ಎಡವುತ್ತಾರೆ. ‘ಲೆಟ್ ವಿಂಡೋಸ್ ಮ್ಯಾನೇಜ್ ಮೈ ಡೀಫಾಲ್ಟ್ ಪ್ರಿಂಟರ್’ ಆಫ್ ಮಾಡಿ, ಇಲ್ಲದಿದ್ದರೆ ಕೊನೆಯಲ್ಲಿ ಬಳಸಿದ ಲೇಸರಿಗೆ ರಸೀದಿ ಹೋಗುತ್ತದೆ. ಪ್ರಿಂಟ್ ಸರ್ವರ್ ಪ್ರಾಪರ್ಟೀಸ್‌ನಲ್ಲಿ ಹಳೇ ಕಾಗದದ ಅಳತೆಯನ್ನು ಅದೇ ಹೆಸರಿನಲ್ಲಿ ಮತ್ತೆ ಸೃಷ್ಟಿಸಿ. 10 ಇಂಚು ಅಗಲ 6 ಇಂಚು ಉದ್ದದ ರಸೀದಿಯನ್ನು ಎ4 ಎಂದುಕೊಂಡರೆ ಪ್ರತಿ ರಸೀದಿಗೂ ಒಂದು ಕಾಗದ ಖಾಲಿ ಓಡುತ್ತದೆ. ಎಲ್‌ಪಿಟಿ1ಗೆ ನೇರವಾಗಿ ಬರೆಯುವ ಪ್ರೋಗ್ರಾಂ ಇದ್ದು ಪ್ರಿಂಟರ್ ಯುಎಸ್‌ಬಿಯಲ್ಲಿದ್ದರೆ, ಪ್ರಿಂಟರನ್ನು ಶೇರ್ ಮಾಡಿ ನೆಟ್ ಯೂಸ್ ಆಜ್ಞೆಯಿಂದ ಎಲ್‌ಪಿಟಿ1ನ್ನು ಆ ಶೇರಿಗೆ ಜೋಡಿಸಿ. ಈ ಆಜ್ಞೆಯನ್ನು ಅಡ್ಮಿನಿಸ್ಟ್ರೇಟರ್ ಕಿಟಕಿಯಲ್ಲಿ ಕೊಟ್ಟರೆ ಸಾಮಾನ್ಯ ಪ್ರೋಗ್ರಾಂಗೆ ಕಾಣುವುದಿಲ್ಲ, ಸಾದಾ ಕಿಟಕಿಯಲ್ಲೇ ಕೊಡಿ.

ತೂಕದ ಯಂತ್ರದ ಯುಎಸ್‌ಬಿ ಕೇಬಲ್ಲನ್ನು ಮೊದಲೇ ಪರೀಕ್ಷಿಸಿ. ಪ್ರೊಲಿಫಿಕ್ ಪಿಎಲ್2303 ಚಿಪ್ಪಿನ ಹಳೇ ಕೇಬಲ್ಲುಗಳಿಗೆ ಹೊಸ ಡ್ರೈವರ್ ಕೆಲಸ ಮಾಡುವುದಿಲ್ಲ. ಡಿವೈಸ್ ಮ್ಯಾನೇಜರಿನಲ್ಲಿ ಆ ಚಿಪ್ಪು 2012ರಿಂದ ನಿಂತುಹೋಗಿದೆ ಎಂಬ ಸಾಲು ಹಳದಿ ಗುರುತಿನ ಜೊತೆ ಕಾಣುತ್ತದೆ. ಹಳೇ ಡ್ರೈವರ್ ಹುಡುಕುತ್ತ ಕೂರುವುದಕ್ಕಿಂತ ಎಫ್‌ಟಿಡಿಐ ಚಿಪ್ಪಿನ ಕೇಬಲ್ ಕೊಳ್ಳುವುದು ಲೇಸು. ಹೊಸ ಕೇಬಲ್ಲಿಗೆ ಕಾಮ್7 ಎಂದು ಬಂದರೆ, ಡಿವೈಸ್ ಮ್ಯಾನೇಜರಿನ ಪೋರ್ಟ್ ಸೆಟ್ಟಿಂಗ್ಸ್, ಅಡ್ವಾನ್ಸ್ಡ್‌ನಲ್ಲಿ ಪ್ರೋಗ್ರಾಂ ಬಯಸುವ ನಂಬರಿಗೆ ಬದಲಿಸಿ. ಹಳೇ ಪ್ರೋಗ್ರಾಂಗಳಲ್ಲಿ ಕಾಮ್1ರಿಂದ 4ರವರೆಗೆ ಮಾತ್ರ ಆಯ್ಕೆ ಇರುವುದು ಸಾಮಾನ್ಯ.

ಡಾಂಗಲ್ (ಲೈಸೆನ್ಸಿಗಾಗಿ ಕಂಪ್ಯೂಟರಿಗೆ ಚುಚ್ಚುವ ಪುಟ್ಟ ಸಾಧನ) ಇದ್ದರೆ ಅದರ ಡ್ರೈವರನ್ನು ತಯಾರಕರ ಪುಟದಿಂದಲೇ ತನ್ನಿ. ಹೊಸ ವಿಂಡೋಸ್ 11ರಲ್ಲಿ ಮೆಮೊರಿ ಇಂಟೆಗ್ರಿಟಿ ಎಂಬ ರಕ್ಷಣೆ ಚಾಲೂ ಇದ್ದಾಗ ಅದಕ್ಕೆ ಹೊಂದದ ಹಳೇ ಡ್ರೈವರ್ ಏಳುವುದೇ ಇಲ್ಲ.

ನೆಟ್‌ವರ್ಕಿನಲ್ಲಿ ಡೇಟಾ ಹಂಚಿಕೊಂಡವರಿಗೆ ಒಂದು ಎಚ್ಚರಿಕೆ. 24ಎಚ್2 ಪ್ರೊ ಆವೃತ್ತಿ ಪಾಸ್‌ವರ್ಡ್ ಇಲ್ಲದ ಗೆಸ್ಟ್ ಶೇರುಗಳನ್ನು ತೆರೆಯುವುದಿಲ್ಲ, ಡಿಜಿಟಲ್ ಸಹಿ ಇಲ್ಲದ ಸಂಪರ್ಕವನ್ನೂ ಒಪ್ಪುವುದಿಲ್ಲ. ಹಳೇ ನ್ಯಾಸ್ ಪೆಟ್ಟಿಗೆ (ನೆಟ್‌ವರ್ಕಿನಲ್ಲಿ ಹಂಚಿಕೊಳ್ಳುವ ಡಿಸ್ಕ್) ಇದ್ದಲ್ಲಿ ಡ್ರೈವ್ ಸಿಗದೇ ಹೋಗುವುದು ಇದರಿಂದ. ಭದ್ರತೆ ಸಡಿಲಿಸುವ ಬದಲು ಡೇಟಾ ಇರುವ ಯಂತ್ರದಲ್ಲಿ ಬಳಕೆದಾರರ ಹೆಸರು, ಪಾಸ್‌ವರ್ಡ್ ಮಾಡಿ. ಆ ಯಂತ್ರದಲ್ಲಿ ವಿಂಡೋಸ್ ಎಕ್ಸ್‌ಪಿ ಇದ್ದರೆ ಮೊದಲು ಬದಲಾಗಬೇಕಾದದ್ದು ಅದೇ.

ಬದಲಾಯಿಸುವ ದಿನ

ಜಿಎಸ್‌ಟಿಯ 11 ಮತ್ತು 20ನೇ ತಾರೀಖಿನ ಗಡಿ ದಾಟಿ, ತಿಂಗಳ ಕೊನೆಯ ಗಡಿಬಿಡಿ ಶುರುವಾಗುವ ಮುಂಚಿನ ಶನಿವಾರ ಸಂಜೆ ಒಳ್ಳೆಯದು. ಮಾರ್ಚ್, ಏಪ್ರಿಲ್ ಬೇಡ.

1. ಕೊನೆಯ ರಸೀದಿ ಹಾಕಿದ ಮೇಲೆ ಹಳೇ ಯಂತ್ರದಲ್ಲಿ ಟ್ರಯಲ್ ಬ್ಯಾಲೆನ್ಸ್, ಸದಸ್ಯರ ಠೇವಣಿಯ ಒಟ್ಟು ಮೊತ್ತ, ಕೊನೆಯ ರಸೀದಿ ಸಂಖ್ಯೆ ಮೂರನ್ನೂ ಕಾಗದಕ್ಕೆ ಪ್ರಿಂಟ್ ಮಾಡಿ.
2. ಡೇಟಾ ನಕಲು ಮಾಡಿ, ಹಳೇ ಯಂತ್ರದ ನೆಟ್‌ವರ್ಕ್ ಕೇಬಲ್ ಕೀಳಿ. ಯಾರೂ ಮರೆತು ಅದರಲ್ಲಿ ನಮೂದು ಮಾಡುವಂತಾಗಬಾರದು.
3. ಹೊಸ ಯಂತ್ರದಲ್ಲಿ ಅದೇ ಮೂರು ಪ್ರಿಂಟ್ ತೆಗೆದು ಪೈಸೆ ಪೈಸೆ ತಾಳೆ ನೋಡಿ. ಕನ್ನಡ ಹೆಸರುಗಳನ್ನು ಒತ್ತಕ್ಷರ ಇರುವಲ್ಲಿ ವಿಶೇಷವಾಗಿ ಗಮನಿಸಿ.
4. ತಿಂಗಳ 12ರ ಒಳಗಿನ ಒಂದು ದಿನಾಂಕ ಹಾಕಿ ಬಡ್ಡಿ ಲೆಕ್ಕ ತೆಗೆದು ಹಳೇದರ ಜೊತೆ ಹೋಲಿಸಿ.
5. ಸೋಮವಾರ ಬೆಳಿಗ್ಗೆ ಮೊದಲ ಹತ್ತು ರಸೀದಿಗಳನ್ನು ಕೈಬರಹದ ಪುಸ್ತಕದಲ್ಲೂ ಬರೆಯಿರಿ.

ಹಳೇ ವಿಂಡೋಸಿನ ಮೇಲೇ ಅಪ್‌ಗ್ರೇಡ್ ಮಾಡಿದ್ದರೆ ಹಿಂದಕ್ಕೆ ಹೋಗಲು 10 ದಿನ ಅವಕಾಶ ಇರುತ್ತದೆ. ಡಿಸಮ್ ಆಜ್ಞೆಯಿಂದ ಅದನ್ನು 60 ದಿನಕ್ಕೆ ಏರಿಸಬಹುದು, ಆದರೆ ಮೊದಲ 10 ದಿನದೊಳಗೇ ಏರಿಸಬೇಕು. ವಿಂಡೋಸ್ ಡಾಟ್ ಓಲ್ಡ್ ಫೋಲ್ಡರನ್ನು ಜಾಗ ಸಾಲದೆಂದು ಅಳಿಸಿದರೆ ಈ ದಾರಿ ಮುಚ್ಚುತ್ತದೆ. ಹಿಂದಕ್ಕೆ ಹೋಗುವ ಮುನ್ನ ಆ ದಿನದವರೆಗಿನ ಡೇಟಾ ಫೈಲನ್ನು ಹೊರಗಿನ ಡಿಸ್ಕಿಗೆ ತೆಗೆದಿಡಿ. ಎಲ್ಲ ಸರಿಹೋದ ಮೇಲೂ ಒಂದು ತಿಂಗಳ ಕೊನೆ, ಒಂದು ಬಡ್ಡಿ ಲೆಕ್ಕ, ಒಂದು ಜಿಎಸ್‌ಟಿ ವರದಿ ಸುಸೂತ್ರವಾಗಿ ಮುಗಿಯುವವರೆಗೆ ಎರಡನೇ ಕಂಪ್ಯೂಟರಿಗೆ ಕೈ ಹಾಕಬೇಡಿ.